ಒಟಿಪಿಗೆ ಅರವತ್ತು ಸೆಕೆಂಡ್

ನಾನು ಮಾಡುವ ಕೆಲಸ ಏನೆಂದು ನಮ್ಮೂರು ಕಾಪುವಿನಲ್ಲಿ ಯಾರಾದರೂ ಕೇಳಿದರೆ ಅಮ್ಮನೇ ಮುಂದೆ ಬಂದು "ಕಂಪ್ಯೂಟರಿಂದು" ಎಂದು ಹೇಳಿ ಮಾತು ಮುಗಿಸುತ್ತಾಳೆ. ಇಪ್ಪತ್ತೆರಡು ವರ್ಷ ಮೀನು ಮಾರಿ ನನ್ನನ್ನು ಓದಿಸಿದವಳು, ಅಷ್ಟು ಹೇಳುವ ಹಕ್ಕು ಅವಳಿಗಿದೆ. ನಿಜ ಹೇಳಬೇಕೆಂದರೆ ನಾನು ಇಲ್ಲದ ಜನರನ್ನು ಹುಟ್ಟಿಸುವವಳು. ಒಂದು ಆ್ಯಪ್ ಜನರ ಕೈಗೆ ಹೋಗುವ ಮೊದಲು, ಒಂದೇ ಸಲಕ್ಕೆ ಎರಡು ಸಾವಿರ ಮಂದಿ ನುಗ್ಗಿದರೆ ಅದು ನಿಲ್ಲುತ್ತದೋ ಮಲಗುತ್ತದೋ ನೋಡಬೇಕಲ್ಲ? ಅಷ್ಟು ಮಂದಿಯನ್ನು ಎಲ್ಲಿಂದ ತರುವುದು? ಅದಕ್ಕೆ ನಾನು ಸ್ಕ್ರಿಪ್ಟ್ ಬರೆಯುತ್ತೇನೆ. ಗುಂಡಿ ಒತ್ತಿದರೆ ಎರಡು ಸಾವಿರ ಸುಳ್ಳು ಮನುಷ್ಯರು ಎದ್ದು ನಿಂತು ಹೆಸರು ತುಂಬಿಸುತ್ತಾರೆ, ಫೋಟೋ ಹಾಕುತ್ತಾರೆ, ಮುಂದಿನ ಪುಟಕ್ಕೆ ಹೋಗುತ್ತಾರೆ. ಯಾರೂ ಕನ್ನಡಕ ಹುಡುಕುವುದಿಲ್ಲ. ಯಾರೂ "ಒಂದು ನಿಮಿಷ ಇರಿ" ಎನ್ನುವುದಿಲ್ಲ. ಮಣಿಪಾಲದ ನಮ್ಮ ಆಫೀಸಿನಲ್ಲಿ ಈ ಕೆಲಸದಲ್ಲಿ ಕಾವ್ಯಳನ್ನು ಮೀರಿಸುವವರಿಲ್ಲ ಎಂದು ನನಗೊಂದು ಜಂಬ ಇತ್ತು. ಆ ಜಂಬದ ಕತೆಯನ್ನೇ ಹೇಳುತ್ತಿದ್ದೇನೆ.

ಮಾರ್ಚಿನಲ್ಲಿ ಒಂದು ಟ್ರಸ್ಟಿನವರ ಕೆಲಸ ಬಂತು. ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿ ಅವರು ಪಿಯುಸಿ ಓದುವ ಬಡ ಹುಡುಗಿಯರಿಗೆ ಹಾಸ್ಟೆಲ್ ನಡೆಸುತ್ತಾರೆ. ಊಟ ವಸತಿ ಎಲ್ಲ ಪುಕ್ಕಟೆ, ಒಟ್ಟು ಅರವತ್ತು ಸೀಟು. ಹೋದ ವರ್ಷದವರೆಗೆ ಗೇಟಿನ ಮುಂದೆ ಸಾಲು ನಿಂತು ಫಾರ್ಮ್ ಕೊಡಬೇಕಿತ್ತು. ನೂಕುನುಗ್ಗಲಿನಲ್ಲಿ ಯಾರದೋ ತಾಯಿಯ ಕೈ ಮುರಿದು ಪೇಪರಿನಲ್ಲಿ ಬಂದ ಮೇಲೆ ಟ್ರಸ್ಟಿನವರಿಗೆ ಮುಖ ತೋರಿಸುವುದು ಕಷ್ಟವಾಯಿತಂತೆ. ಈ ವರ್ಷ ಸಾಲೂ ಇಲ್ಲ, ಶಿಫಾರಸೂ ಇಲ್ಲ, ಎಲ್ಲ ಆ್ಯಪಿನಲ್ಲಿ. ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಮೊದಲು ಬಂದವರಿಗೆ ಸೀಟು. ಹುಡುಗಿ ತನ್ನ ಆಧಾರ್ ನಂಬರ್ ಹಾಕಿ ಫಾರ್ಮ್ ತುಂಬಬೇಕು. ತುಂಬಿದ ಕೂಡಲೇ ಒಂದು ಸೀಟನ್ನು ಅವಳಿಗಾಗಿ ಹಿಡಿದಿಡುತ್ತದೆ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಆರು ಅಂಕಿಯ ಒಟಿಪಿ ಬರುತ್ತದೆ. ಅದನ್ನು ಹಾಕಿದರೆ ಸೀಟು ಅವಳದ್ದು, ಹಾಕದಿದ್ದರೆ ಐದು ನಿಮಿಷ ಕಾದು ಮುಂದಿನವಳಿಗೆ ಹೋಗುತ್ತದೆ.

ಈ ವಿಷಯ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ಕಿವಿಗೊಟ್ಟು ಕೇಳಿದವಳು ಮರೆಮ್ಮ. ನಮ್ಮ ಮಹಡಿಯನ್ನು ಗುಡಿಸಿ ಒರೆಸುವವಳು, ಕುಷ್ಟಗಿ ಕಡೆಯವಳು. ಹದಿನೈದು ವರ್ಷದ ಹಿಂದೆ ಗಂಡ ಬಾಲಪ್ಪನ ಜೊತೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಈ ಕಡೆ ಬಂದವಳು. ಬಾಲಪ್ಪನದ್ದು ಗಾರೆ ಕೆಲಸ. ಸೈಟು ಎಲ್ಲೋ ಅಲ್ಲಿ ಅವನ ವಾಸ. ಈ ಆ್ಯಪಿನ ಕೆಲಸ ನಡೆಯುವಾಗ ಕಾರ್ಕಳದ ಆಚೆ ಬಜಗೋಳಿಯಲ್ಲಿ ಯಾರದೋ ಮನೆಗೆ ಪ್ಲಾಸ್ಟರಿಂಗ್ ಮಾಡುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಮಣಿಪಾಲದ ಶೆಡ್ಡಿಗೆ ಬರುತ್ತಿದ್ದ. ಕೂಸು ಈಗ ಶೈಲಶ್ರೀ, ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೊಂದು ಪರ್ಸೆಂಟ್. ಅವ್ವ ಕುಷ್ಟಗಿಯ ಕನ್ನಡ ಮಾತಾಡಿದರೆ ಮಗಳು ನಮ್ಮ ಹಾಗೆ "ಎಂತ ಅಕ್ಕ", "ಉಂಟು ಅಕ್ಕ" ಎನ್ನುವವಳು. ಸೈನ್ಸ್ ತೆಗೆದುಕೊಳ್ಳಬೇಕು, ನರ್ಸಿಂಗ್ ಮಾಡಬೇಕು ಎಂದು ಅವಳಿಗೆ ಆಸೆ.

ಬಾಲಪ್ಪನದ್ದು ಒಂದೇ ಹಟ. ಮರೆಮ್ಮ ಬೆಳಿಗ್ಗೆ ಆರಕ್ಕೆ ಬಂದರೆ ಸಂಜೆಯೇ ಮನೆಗೆ ಹೋಗುವುದು. ಚಿಲಕವೂ ಸರಿ ಇಲ್ಲದ ಶೆಡ್ಡು, ಸುತ್ತ ನೂರು ಜನ ಗಂಡಸರು. ಬೆಳೆದ ಹುಡುಗಿಯನ್ನು ಅಲ್ಲಿ ಒಬ್ಬಳನ್ನೇ ಬಿಟ್ಟು ಕಾಲೇಜು ಗೀಲೇಜು ಎಂದು ಆಡಿಸುವುದಕ್ಕೆ ಅವನಿಗೆ ಧೈರ್ಯವಿರಲಿಲ್ಲ. ಹಾಸ್ಟೆಲ್ ಸಿಕ್ಕಿದರೆ ಓದಲಿ, ಸಿಗದಿದ್ದರೆ ಓದು ಇಲ್ಲಿಗೆ ಸಾಕು ಎಂದಿದ್ದ. ಸರ್ಕಾರಿ ಹಾಸ್ಟೆಲಿಗೂ ಅರ್ಜಿ ಹಾಕಿದ್ದರು, ಅಲ್ಲಿಯವರು ಜಾತಿ ಸರ್ಟಿಫಿಕೇಟು ಊರಿನದ್ದು, ಇಲ್ಲಿಯದ್ದಲ್ಲ ಎಂದು ಏನೋ ತಕರಾರು ತೆಗೆದು ವಾಪಸು ಕಳಿಸಿದ್ದರು. ಉಳಿದದ್ದು ಕುಕ್ಕುಂದೂರು ಒಂದೇ.

ಮರೆಮ್ಮ ಒಂದು ದಿನ ಒರೆಸುವ ಬಟ್ಟೆ ಹಿಂಡುತ್ತಾ ನನ್ನ ಮೇಜಿನ ಹತ್ತಿರ ನಿಂತು, ಆ ಆ್ಯಪ್ ನೀವೇ ಮಾಡುವುದಂತೆ ಹೌದೇ ಎಂದು ಕೇಳಿದಳು. ನಾನೇನು ಮಾಡುವವಳಲ್ಲ, ಪರೀಕ್ಷೆ ಮಾಡುವವಳು ಎಂದು ಹೇಳಿದರೆ ಅವಳಿಗೆ ಇನ್ನೂ ಸಂತೋಷವಾಯಿತು. ಪರೀಕ್ಷೆ ಮಾಡುವವರು ಮೇಷ್ಟರ ಹಾಗೆ ಅಲ್ಲವೇ! ನಾನು ಕೂಡ ಉಬ್ಬಿದೆ. ಹೆದರಬೇಡ ಮರೆಮ್ಮ, ಶೈಲಶ್ರೀಗೆ ನಾನೇ ಕಲಿಸಿಕೊಡುತ್ತೇನೆ, ಸೀಟು ಆದ ಹಾಗೆಯೇ ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಇನ್ನು ಪರೀಕ್ಷೆಯ ಸಂಗತಿ. ಯಾವ ಪುಟವೂ ತೆರೆಯಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂದು ಟ್ರಸ್ಟಿನವರ ಕರಾರು. ನಾನು ಎರಡು ಸಾವಿರ ಸುಳ್ಳು ಹುಡುಗಿಯರನ್ನು ಬಿಟ್ಟು ನೋಡಿದರೆ ಹನ್ನೊಂದು ಸೆಕೆಂಡ್! ದೊಡ್ಡ ಸರ್ವರ್ ತೆಗೆದುಕೊಳ್ಳಿ ಎಂದರೆ ಟ್ರಸ್ಟಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮ ಟೀಮ್ ಲೀಡ್ ಮನೀಶ್ ದಿನಕ್ಕೆ ನಾಲ್ಕು ಸಲ ನನ್ನ ಕುರ್ಚಿಯ ಹಿಂದೆ ಬಂದು ನಿಂತು ನಿಟ್ಟುಸಿರು ಬಿಡುತ್ತಿದ್ದ. ಮೂರನೇ ದಿನ ನನಗೇ ಕಾರಣ ಸಿಕ್ಕಿತು. ಎಲ್ಲರೂ ಕೊನೆಯವರೆಗೆ ಬರುವುದಿಲ್ಲ, ಕೆಲವರು ಫಾರ್ಮ್ ತುಂಬಿ ಅರ್ಧಕ್ಕೆ ಬಿಟ್ಟು ಹೋಗುತ್ತಾರೆ ಎಂದು ಸ್ಕ್ರಿಪ್ಟಿನಲ್ಲಿ ನಾನೇ ಬರೆದಿದ್ದೆ. ನೂರಕ್ಕೆ ಇಪ್ಪತ್ತು ಜನ ಹಾಗೆ. ಅವರು ಹೋದರೂ ಸರ್ವರಿಗೆ ಗೊತ್ತಾಗುವುದಿಲ್ಲ, ಅದು ಐದು ನಿಮಿಷ ಪಾಪದ ಹಾಗೆ ಅವರಿಗಾಗಿ ಕಾಯುತ್ತಾ ಕೂರುತ್ತದೆ. ಕಾಯುವ ಭಾರವೇ ಅದನ್ನು ಹೂತುಹಾಕುತ್ತಿತ್ತು.

ಐದು ನಿಮಿಷವನ್ನು ಒಂದು ನಿಮಿಷಕ್ಕೆ ಇಳಿಸೋಣ ಎಂದೆ. ಹೌದು, ನಾನೇ ಹೇಳಿದ್ದು. ಮನೀಶ್ ಹೇಳಲಿಲ್ಲ, ಟ್ರಸ್ಟಿನವರು ಕೇಳಲಿಲ್ಲ.

ಆ್ಯಪ್ ಬರೆಯುವವರು ಇಳಿಸಿದರು. ಟೆಸ್ಟ್ ಓಡಿಸಿದೆ. ಎರಡು ಪಾಯಿಂಟ್ ನಾಲ್ಕು ಸೆಕೆಂಡ್. ಪರದೆಯ ಮೇಲೆಲ್ಲ ಹಸಿರು. ಮನೀಶ್ ಎಲ್ಲರೆದುರು ಚಪ್ಪಾಳೆ ತಟ್ಟಿಸಿ, ಕಾವ್ಯ ಇಲ್ಲದಿದ್ದರೆ ಮಾನ ಹೋಗುತ್ತಿತ್ತು ಎಂದ. ನನ್ನ ಸುಳ್ಳು ಹುಡುಗಿಯರಿಗೆ ಒಟಿಪಿ ಹಾಕಲು ಹಿಡಿಯುತ್ತಿದ್ದದ್ದು ಎರಡು ಸೆಕೆಂಡ್. ಯಾಕೆಂದರೆ ಅವರಿಗೆ ಒಟಿಪಿ ಬರುವುದೇ ಇಲ್ಲ. ಇಲ್ಲದ ಮೊಬೈಲಿಗೆ ಮೆಸೇಜ್ ಎಲ್ಲಿಂದ ಬರಬೇಕು? ಪರೀಕ್ಷೆಯ ಸರ್ವರಿನಲ್ಲಿ ಎಲ್ಲರಿಗೂ ಒಂದೇ ಒಟಿಪಿ ಇಟ್ಟಿರುತ್ತೇವೆ: ಒಂದು, ಎರಡು, ಮೂರು, ನಾಲ್ಕು, ಐದು, ಆರು. ಇದು ನಮ್ಮ ಕೆಲಸದಲ್ಲಿ ಎಲ್ಲರೂ ಮಾಡುವುದು, ಇದರಲ್ಲಿ ಕಳ್ಳತನ ಏನೂ ಇಲ್ಲ. ಅರವತ್ತು ಸೆಕೆಂಡ್ ಧಾರಾಳವಾಯಿತು ಎಂದುಕೊಂಡೆ. ನನ್ನ ಲೋಕದಲ್ಲಿ ಒಟಿಪಿ ಕೈಯಲ್ಲಿರುವ ಫೋನಿಗೆ ಬರುತ್ತದೆ, ಪರದೆಯ ಮೇಲಂಚಿನಿಂದ ಇಳಿದು ಬರುತ್ತದೆ, ಓದುವುದೂ ಬೇಡ, ತಾನೇ ತುಂಬಿಕೊಳ್ಳುತ್ತದೆ.

ಶುಕ್ರವಾರ ಮಧ್ಯಾಹ್ನ ಶೈಲಶ್ರೀಯನ್ನು ಆಫೀಸಿಗೆ ಕರೆಸಿದೆ. ಪ್ಯಾಂಟ್ರಿಯಲ್ಲಿ ಕೂರಿಸಿ ನನ್ನ ಲ್ಯಾಪ್‌ಟಾಪಿನಲ್ಲಿ ತಾಲೀಮು ಮಾಡಿಸಿದೆ. ಎಲ್ಲಿ? ಪರೀಕ್ಷೆಯ ಸರ್ವರಿನಲ್ಲಿ. ಹುಡುಗಿ ಚುರುಕು ಎಂದರೆ ಚುರುಕು. ಮೊದಲ ಸಲ ಎರಡು ನಿಮಿಷ, ಐದನೇ ಸಲ ಪೂರ್ತಿ ನಲವತ್ತೆರಡು ಸೆಕೆಂಡ್. ಒಂದು ಎರಡು ಮೂರು ನಾಲ್ಕು ಐದು ಆರು ಒತ್ತಿ ಎಂಟರ್ ಹೊಡೆದರೆ "ಅಭಿನಂದನೆಗಳು" ಎಂದು ಬರುತ್ತಿತ್ತು. ಮರೆಮ್ಮ ಪ್ರತಿ ಸಲವೂ ಪರದೆಗೆ ಕೈ ಮುಗಿಯುತ್ತಿದ್ದಳು. ಹುಡುಗಿ ಒಮ್ಮೆ ಕೇಳಿದಳು, "ಅಕ್ಕ, ನಾಳೆಯೂ ಇದೇ ಒಟಿಪಿಯಾ?" ಇಲ್ಲ ಮಾರಾಯ್ತಿ, ನಾಳೆ ಬೇರೆ ಬರುತ್ತದೆ, ಮೊಬೈಲಿನಲ್ಲಿ ನೋಡಿ ಹಾಕುವುದು ಅಷ್ಟೇ ಎಂದೆ. ಯಾರ ಮೊಬೈಲು ಎಂದು ನಾನು ಕೇಳಲಿಲ್ಲ. ಅವಳಿಗೆ ಹೇಳಬೇಕೆಂದು ಹೊಳೆಯಲಿಲ್ಲ. ನಾನು ಎಲ್ಲ ಬಲ್ಲವಳು ಎಂದು ಅವಳು ನಂಬಿದ್ದಳು.

ಶನಿವಾರ ಬಂತು. ಶೈಲಶ್ರೀಗೆ ನನ್ನ ಲ್ಯಾಪ್‌ಟಾಪ್ ಕೊಟ್ಟು ಅವ್ವನ ಜೊತೆ ಪ್ಯಾಂಟ್ರಿಯಲ್ಲಿ ಕೂರಿಸಿ, ನಾನು ಮೀಟಿಂಗ್ ರೂಮಿಗೆ ಹೋದೆ. ದೊಡ್ಡ ಪರದೆ, ವಿಡಿಯೋದಲ್ಲಿ ಟ್ರಸ್ಟಿನವರು, ಮನೀಶ್ ಇಸ್ತ್ರಿ ಅಂಗಿಯಲ್ಲಿ. ಹತ್ತು ಗಂಟೆಗೆ ಬಾಗಿಲು ತೆರೆಯಿತು. ಸಾವಿರದ ಏಳುನೂರು ಜನ ಒಟ್ಟಿಗೆ ಬಂದರು. ಎರಡು ಪಾಯಿಂಟ್ ಒಂದು ಸೆಕೆಂಡ್. ಪರದೆಯ ಹಸಿರು ಗೆರೆ ಅಲ್ಲಾಡಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ "ಒಟಿಪಿ ಅವಧಿ ಮುಗಿದದ್ದು" ಎಂಬ ಲೆಕ್ಕ ಏರುತ್ತಾ ಇತ್ತು. ನೂರು, ನೂರೈವತ್ತು, ಇನ್ನೂರು. ನಾನು ಬೆರಳು ತೋರಿಸಿದೆ. ಮನೀಶ್ ತಲೆಯಾಡಿಸಿ, ಅದು ನೀನೇ ಹೇಳಿದ ಅರ್ಧಕ್ಕೆ ಬಿಟ್ಟು ಹೋಗುವವರು, ನಿನ್ನ ಅಂದಾಜು ಎಷ್ಟು ಸರಿ ನೋಡು ಎಂದ. ನನಗೆ ಹೌದಲ್ಲ ಎಂದು ಖುಷಿಯಾಯಿತು. ಈಗ ಹೇಗೆ ಬೇಕಾದರೂ ಬರೆಯಬಹುದು, ಆದರೆ ಆದದ್ದು ಖುಷಿಯೇ. ಹನ್ನೊಂದು ನಿಮಿಷಕ್ಕೆ ಅರವತ್ತು ಸೀಟೂ ಮುಗಿದವು.

ಓಡಿಕೊಂಡೇ ಪ್ಯಾಂಟ್ರಿಗೆ ಹೋದೆ. ಮರೆಮ್ಮ ನೆಲದ ಮೇಲೆ ಕೂತಿದ್ದಳು. ಶೈಲಶ್ರೀ ಅವ್ವನ ಫೋನನ್ನು ಕಿವಿಗೆ ಒತ್ತಿಕೊಂಡು "ಅಪ್ಪ, ಬಿಡಿ ಅಪ್ಪ, ಆಯಿತು ಅಪ್ಪ" ಎನ್ನುತ್ತಿದ್ದಳು. ಪರದೆಯ ಮೇಲೆ "ಎಲ್ಲ ಸೀಟುಗಳೂ ಭರ್ತಿಯಾಗಿವೆ" ಎಂದಿತ್ತು.

ಆದದ್ದು ಇಷ್ಟು. ಅವಳ ಆಧಾರಿಗೆ ಜೋಡಿಸಿದ್ದು ಅಪ್ಪನ ನಂಬರು. ಅದು ಗುಂಡಿ ಒತ್ತುವ ಫೋನು, ಬಜಗೋಳಿಯಲ್ಲಿ ಅವನ ಕಿಸೆಯಲ್ಲಿ. ಇವಳು ಅವ್ವನ ಫೋನಿನಿಂದ ಕರೆ ಮಾಡಿದಳು. ಮಾತಾಡುತ್ತಾ ಮೆಸೇಜ್ ನೋಡಲು ಅವನಿಗೆ ಬರುವುದಿಲ್ಲ. ಫೋನ್ ಇಡಬೇಕು, ಮೆಸೇಜ್ ತೆರೆಯಬೇಕು, ಅಂಕಿ ಉಳಿಸಿಕೊಳ್ಳಬೇಕು, ತಿರುಗಿ ಕರೆ ಮಾಡಬೇಕು. ಆರು ಅಂಕಿ ತಲೆಯಲ್ಲಿ ನಿಲ್ಲಲಿಲ್ಲ ಎಂದು ಗಾರೆ ಒಣಗದ ಗೋಡೆಯ ಮೇಲೆ ಮೊಳೆಯಿಂದ ಗೀಚಿಕೊಂಡು ಹೇಳಿದ. ಅಷ್ಟರಲ್ಲಿ ಅವಧಿ ಮುಗಿದಿತ್ತು. ಫಾರ್ಮ್ ತಿರುಗಿ ತುಂಬಿದಳು, ಎರಡನೇ ಸಲ ಹೊಸ ಮೆಸೇಜ್ ಬಂದಿತ್ತು, ಗಾಬರಿಯಲ್ಲಿ ಅವನು ಹಳೆಯದನ್ನೇ ಓದಿದ. ಮೂರನೇ ಸಲ ಸರಿಯಾಗಿ ಓದಿದ. ಆ ಹೊತ್ತಿಗೆ ಆ ನಿಮಿಷವೂ ಮುಗಿದು, ಸೀಟೂ ಇರಲಿಲ್ಲ.

ನನಗೆ ಆಗ ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ನೆಟ್‌ವರ್ಕ್ ಸರಿ ಇರಲಿಲ್ಲ ಎಂದು ಕಾಣುತ್ತದೆ ಎಂದೆ. ಸುಳ್ಳು ಹೇಳುವುದು ನನಗೆ ಕಷ್ಟವೇ? ದಿನಕ್ಕೆ ಎರಡು ಸಾವಿರ ಸುಳ್ಳು ಮನುಷ್ಯರನ್ನು ಮಾಡುವವಳು. ಮನೀಶ್ ಹಿಂದಿನಿಂದ ಬಂದು, ಟ್ರಸ್ಟಿನವರು ನಮಗೆಲ್ಲ ಊಟ ತರಿಸಿದ್ದಾರೆ, ಬಾ ಎಂದು ಕರೆದ. ಹೋದೆ. ಕೂತೆ. ತಿಂದೆ.

ಸೋಮವಾರ ಸರ್ವರಿನ ದಾಖಲೆ ತೆಗೆದು ನೋಡಿದೆ. ಸೀಟು ಹಿಡಿದಿಟ್ಟದ್ದರಲ್ಲಿ ಶೈಲಶ್ರೀಯದ್ದು ಹದಿನಾಲ್ಕನೆಯದು. ಹದಿನಾಲ್ಕು! ಅರವತ್ತರಲ್ಲಿ ಹದಿನಾಲ್ಕನೆಯವಳಾಗಿ ಫಾರ್ಮ್ ತುಂಬಿದ್ದಳು ಆ ಹುಡುಗಿ. ಮೊದಲ ಸಲವೇ, ಎರಡು ನಿಮಿಷ ಐವತ್ತು ಸೆಕೆಂಡಿಗೆ, ಸರಿಯಾದ ಒಟಿಪಿಯನ್ನೇ ಹಾಕಿದ್ದಳು. ಹಳೆಯ ಐದು ನಿಮಿಷ ಇದ್ದಿದ್ದರೆ ಸೀಟು ಅವಳ ಕೈಯಲ್ಲಿತ್ತು. ಅವಳ ಹಾಗೆಯೇ ಅವಧಿ ಮುಗಿದ ಮೇಲೆ ಸರಿಯಾದ ಒಟಿಪಿ ಹಾಕಿದವರು ಇನ್ನೂ ನಲವತ್ತಮೂರು ಮಂದಿ. ಯಾರೂ ಅರ್ಧಕ್ಕೆ ಬಿಟ್ಟು ಹೋದವರಲ್ಲ. ಎಲ್ಲೋ ಯಾರಿಗೋ ಫೋನ್ ಮಾಡಿ ಅಂಕಿ ಕೇಳುತ್ತಿದ್ದವರು.

ಮನೀಶನಿಗೆ ತೋರಿಸಿದೆ. ಅವನು ಕೆಟ್ಟವನಲ್ಲ, ಪೂರ್ತಿ ಓದಿದ. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ ಮೆಲ್ಲಗೆ ಹೇಳಿದ, "ಇದು ತಪ್ಪು ಅಲ್ಲ ಕಾವ್ಯ. ಮೂರು ಸೆಕೆಂಡ್ ಅಂತ ಇತ್ತು, ಮೂರು ಸೆಕೆಂಡಿನ ಒಳಗೆ ಉಂಟು. ಅವರ ಅಪ್ಪನ ಫೋನು ಎಲ್ಲಿ ಉಂಟು ಅಂತ ಕರಾರಿನಲ್ಲಿ ಬರೆದಿರಲಿಲ್ಲ. ರಿಪೋರ್ಟಿನಲ್ಲಿ ಇದನ್ನು ಹಾಕಬೇಡ."

ಹಾಕುತ್ತೇನೆ ಎಂದು ಜಗಳ ಮಾಡಿದೆ ಎಂದುಕೊಂಡಿರಾ? ಇಲ್ಲ ಮಾರಾಯ್ರೆ. ಜಗಳ ಎಲ್ಲ ನನ್ನ ಹೊಟ್ಟೆಯೊಳಗೆ. ಹಾಕಲಿಲ್ಲ.

ಅದರ ಬದಲು ರಜೆ ಹಾಕಿ ಬಸ್ಸು ಹತ್ತಿ ಕುಕ್ಕುಂದೂರಿಗೆ ಹೋದೆ. ಹಾಸ್ಟೆಲಿನ ಆಫೀಸಿನಲ್ಲಿ ಭವ್ಯಶ್ರೀ ಎಂಬ ಗುಮಾಸ್ತೆ ಇದ್ದರು. ಒಂದು ಸೀಟು ಹೆಚ್ಚು ಮಾಡಲು ಆಗುತ್ತದಾ, ಒಂದು ಹಾಸಿಗೆ ಮೂಲೆಯಲ್ಲಿ ಹಾಕಲು ಆಗುತ್ತದಾ ಎಂದು ಕೇಳಿದೆ. ಪಾಪ, ಅವರಿಗೂ ಮನಸ್ಸಿತ್ತು. ಹೋದ ವರ್ಷ ಹಾಗೆ ಎರಡು ಹುಡುಗಿಯರನ್ನು ಸೇರಿಸಿಕೊಂಡಿದ್ದರಂತೆ, ಗೇಟಿನ ಹತ್ತಿರ ಅಳುತ್ತಾ ಕೂತಿದ್ದವರನ್ನು ನೋಡಲಾಗದೆ. "ಈ ಸಲ ಎಂತ ಮಾಡುವುದು ಹೇಳಿ," ಎಂದರು. "ಅರವತ್ತು ಆದ ಮೇಲೆ ಹೆಸರು ಹಾಕಲು ಆ್ಯಪ್ ಬಿಡುವುದೇ ಇಲ್ಲ. ನಿಮ್ಮ ಕಂಪನಿಯವರೇ ಅಲ್ವಾ ಹಾಗೆ ಮಾಡಿ ಕೊಟ್ಟದ್ದು?" ನಾನು ಬಂದ ಬಸ್ಸಿನಲ್ಲೇ ವಾಪಸು ಬಂದೆ. ಆ ಹಳೆಯ ಸಾಲಿನಲ್ಲಿ ನೂಕುನುಗ್ಗಲಿತ್ತು, ಕೈ ಮುರಿಯಿತು, ಎಲ್ಲ ನಿಜ. ಆದರೆ ಸಾಲಿನ ಕೊನೆಯಲ್ಲಿ ಅಳುವುದನ್ನು ನೋಡಬಲ್ಲ ಒಂದು ಮುಖವೂ ಇತ್ತು. ಅದನ್ನು ತೆಗೆದು ಅಲ್ಲಿ ನನ್ನ ಹಸಿರು ಗೆರೆಯನ್ನು ಇಟ್ಟಿದ್ದೆವು.

ಗುರುವಾರ ಸಂಜೆ ನಾನೇ ಶೆಡ್ಡಿಗೆ ಹೋದೆ. ಮರೆಮ್ಮ ಆಗಷ್ಟೇ ಬಂದು ಒಲೆ ಹೊತ್ತಿಸುತ್ತಿದ್ದಳು. ಶೈಲಶ್ರೀ ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟಳು. ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಐದು ನಿಮಿಷ ಇತ್ತು, ಒಂದು ನಿಮಿಷ ಮಾಡಿದ್ದು ನಾನು. ನೆಟ್‌ವರ್ಕ್ ಎಂದದ್ದು ಸುಳ್ಳು. ತಾಲೀಮು ಮಾಡಿಸಿದ್ದೂ ಒಟಿಪಿಯೇ ಬರದ ಜಾಗದಲ್ಲಿ. ನೀನು ಹದಿನಾಲ್ಕನೆಯವಳು. ತಪ್ಪು ನಿನ್ನದಲ್ಲ, ನನ್ನದು.

ಬೈಯಲಿ ಎಂದು ಕಾದೆ. ನಾನಾಗಿದ್ದರೆ ಚಪ್ಪಲಿ ತೆಗೆಯುತ್ತಿದ್ದೆ. ಮರೆಮ್ಮ ಒಲೆಗೆ ಕಟ್ಟಿಗೆ ದೂಡಿದಳು. ಹುಡುಗಿಯ ಕಣ್ಣು ತುಂಬಿತು. ಆದರೆ ಅವಳು ಕೇಳಿದ್ದು ತನ್ನ ಬಗ್ಗೆ ಅಲ್ಲ.

"ಅಪ್ಪನಿಗೆ ಇದನ್ನು ಹೇಳುತ್ತೀರಾ ಅಕ್ಕ? ಶನಿವಾರದಿಂದ ಅವರು ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಎರಡನೇ ಸಲ ಹಳೆಯದು ಓದಿದೆ, ನನ್ನಿಂದ ಹೋಯಿತು ಅಂತ ಅದೇ ಹೇಳುವುದು. ನಾನು ಹೇಳಿದರೆ ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾರೆ."

ಅವ್ವನ ಫೋನಿನಿಂದ ಕರೆ ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಬಾಲಪ್ಪ "ಹೇಳವ್ವಾ" ಎಂದ. ನಾನು ಆಫೀಸಿನ ಕಾವ್ಯ ಎಂದ ಕೂಡಲೇ ಅವನ ದನಿ ಎದ್ದು ನಿಂತಿತು, ನಮಸ್ಕಾರ್ರಿ ಮೇಡಂ ಎಂದ. ಅವಳಿಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ, ಇನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಮೊದಲನೇ ಸಲ ನೀವು ಹೇಳಿದ್ದೇ ಸರಿ ಇತ್ತು ಬಾಲಪ್ಪಣ್ಣ, ಅದು ಕಾಯಲಿಲ್ಲ, ಕಾಯದ ಹಾಗೆ ಮಾಡಿದವಳು ನಾನು ಎಂದೆ. ಅವನು ಈಗ ಕೂಗಾಡಲಿ, ಹಾಳಾಗಿ ಹೋಗು ಎನ್ನಲಿ, ನನಗೂ ಉಸಿರು ಬರಲಿ ಎಂದು ನಾನು ಕಾಯುತ್ತಿದ್ದೆ.

"ನೀವ್ ದೊಡ್ಡ ಮನಸಿನೋರು ಮೇಡಂ," ಎಂದ ಬಾಲಪ್ಪ. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ, ನನಗ ತಿಳೀತೈತ್ರಿ. ಎಲ್ಲಾರಿಗೂ ಒಂದ ಟೈಮ್ ಕೊಟ್ಟಿತ್ತಲ್ರಿ ಅದು. ಅರವತ್ತು ಮಂದಿ ಕೈಲೆ ಆಗೈತಿ, ನನ್ನ ಕೈಲೆ ಆಗ್ಲಿಲ್ಲ. ನಾ ನಾಕ ಅಕ್ಷರ ಕಲ್ತಿದ್ರ ಆಗ್ತಿತ್ತು."

ಹಾಗಲ್ಲ ಬಾಲಪ್ಪಣ್ಣ, ಕೇಳಿ ಎಂದು ಮತ್ತೆ ಶುರು ಮಾಡಿದೆ. ಹದಿನಾಲ್ಕು ಎಂದೆ, ಐದು ನಿಮಿಷ ಎಂದೆ, ದಾಖಲೆ ಉಂಟು ಎಂದೆ. ಎಷ್ಟು ಹೇಳಿದೆನೋ ಅಷ್ಟೂ ಅವನ ಕಿವಿಗೆ ನನ್ನ ಒಳ್ಳೆಯತನವಾಗಿಯೇ ಹೋಯಿತು. ನಾನು ಕೊಟ್ಟ ರಿಪೋರ್ಟಿನಲ್ಲಾದರೂ ಏನಿತ್ತು? ಎಲ್ಲ ಸರಿಯಾಗಿದೆ ಎಂದು ಬರೆದು ಕೆಳಗೆ ಸಹಿ ಹಾಕಿದವಳೂ ನಾನೇ.

"ಇರ್ಲಿ ಬಿಡ್ರಿ," ಎಂದ. "ಸೋಮವಾರದಿಂದ ಅಕಿನ್ನ ಅವ್ವನ ಜೋಡಿ ನಿಮ್ಮ ಆಫೀಸಿಗೆ ಕಸಾ ಹೊಡ್ಯಾಕ ಕಳಸ್ತೀವ್ರಿ. ಸೂಪರ್‌ವೈಸರ್ ಹೂಂ ಅಂದಾರ. ದಿನಾ ಪೂರ್ತಿ ಅವ್ವನ ಕಣ್ಣ ಮುಂದ ಇರ್ತಾಳ. ನೀವೂ ಅದೀರಲ್ರಿ ಅಲ್ಲಿ, ನಮಗ ಅದ ಧೈರ್ಯ. ಸ್ವಲ್ಪ ನೋಡ್ಕೊಳ್ರಿ ಮೇಡಂ."

ಶೈಲಶ್ರೀ ನನ್ನ ಮುಖವನ್ನೇ ನೋಡುತ್ತಿದ್ದಳು, ಅಪ್ಪ ನಂಬಿದರಾ ಎಂದು. ನಾನು ಆಯಿತು ಬಾಲಪ್ಪಣ್ಣ, ನೋಡಿಕೊಳ್ಳುತ್ತೇನೆ ಎಂದೆ.